ಬಿಚ್ಚೋದು ಸಲೀಸು, ಮುಚ್ಚೋದು ವಿದ್ಯೆ

ರಿಮೋಟ್ ಒತ್ತಿದಾಗ ನಮ್ಮ ಕಾರಿನ ನಾಲ್ಕು ಬಾಗಿಲೂ ಒಟ್ಟಿಗೆ ‘ಟಕ್’ ಅನ್ನುತ್ತವೆ. ಹದಿಮೂರು ವರ್ಷ ಕೇಳಿಸಿಕೊಂಡ ಕಿವಿಗೆ ಆ ಟಕ್‌ನ ತೂಕ ಗೊತ್ತು. ಕಳೆದ ತಿಂಗಳು ಒಂದು ಬೆಳಿಗ್ಗೆ ಅದು ಯಾಕೋ ಹಗುರಾಗಿತ್ತು. ಕಾರಿಗೆ ಒಂದು ಸುತ್ತು ಹಾಕಿ ನೋಡಿದೆ. ಹಿಂದಿನ ಎಡಬಾಗಿಲ ಲಾಕ್ ನಾಬ್ ಎದ್ದೇ ನಿಂತಿತ್ತು, ಮೇಷ್ಟ್ರು ಕೂರು ಅಂದರೂ ಕೂರದ ಹುಡುಗನ ಹಾಗೆ.

ಗ್ಯಾರೇಜೊಂದರಲ್ಲಿ ತೋರಿಸಿದೆ. ಅಲ್ಲಿಯವರು ಎರಡು ಸಲ ರಿಮೋಟ್ ಒತ್ತಿ, “ಫುಲ್ ಸೆಟ್ ಚೇಂಜ್ ಮಾಡ್ಸಿಬಿಡಿ ಸಾರ್. ಒಂದು ಹೋಯ್ತು ಅಂದ್ರೆ ಮಿಕ್ಕಿದ್ದೂ ಹೋಗ್ತವೆ” ಅಂದರು. ಬಾಗಿಲನ್ನು ಮುಟ್ಟಿಯೂ ನೋಡಲಿಲ್ಲ. ನಾಡಿ ಹಿಡಿಯದೆ ಮಾತ್ರೆ ಬರೆಯುವವರ ಹತ್ತಿರ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಭಾನುವಾರ ನಾನೇ ಕೂತೆ.

ಸೆಂಟ್ರಲ್ ಲಾಕ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವ ಸಾಮಾನು ತೀರಾ ಸಣ್ಣದು. ನಮ್ಮ ಕಾರಿನಲ್ಲಿ ಪ್ರತಿ ಬಾಗಿಲ ಹೊಟ್ಟೆಯೊಳಗೆ ಆಟಿಕೆ ಪಿಸ್ತೂಲಿನ ಆಕಾರದ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಅದರೊಳಗೆ 12 ವೋಲ್ಟಿನ ಪುಟ್ಟ ಮೋಟರು, ಎರಡು ಮೂರು ಹಲ್ಲುಗಾಲಿ. ಮೋಟರು ತಿರುಗಿದರೆ ಒಂದು ಕಡ್ಡಿ ಸುಮಾರು 2 ಸೆಂ.ಮೀ. ಮುಂದೆ ಬರುತ್ತದೆ, ಕರೆಂಟಿನ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಅಷ್ಟೇ ಹಿಂದೆ ಹೋಗುತ್ತದೆ. ನಾವು ಬೆರಳಲ್ಲಿ ನಾಬ್ ಒತ್ತಿದಾಗ ಯಾವ ರಾಡ್ ಅಲ್ಲಾಡುತ್ತದೋ ಅದೇ ರಾಡನ್ನು ಈ ಕಡ್ಡಿ ಹಿಡಿದು ಎಳೆಯುತ್ತದೆ. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತರೂ ನಾಬನ್ನು ಕೈಯಲ್ಲಿ ಎತ್ತಬಹುದು, ಇಳಿಸಬಹುದು.

ಅಮೆರಿಕದ ಪ್ಯಾಕಾರ್ಡ್ ಕಂಪನಿ 1956ರಲ್ಲೇ ತನ್ನ ದುಬಾರಿ ಕಾರುಗಳಿಗೆ ಇಂಥ ಬೀಗ ಕೊಟ್ಟಿತ್ತು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800ರಲ್ಲಿ ನಾಲ್ಕು ಬಾಗಿಲಿಗೂ ಕೈಯೇ ಗತಿ. ಡ್ರೈವರ್ ಸೀಟಿನಿಂದ ಹಿಂದಕ್ಕೆ ತಿರುಗಿ, ಸೊಂಟ ಉಳುಕಿಸಿಕೊಂಡು, ಮೂಲೆಯ ನಾಬಿಗೆ ಬೆರಳು ಚಾಚುವುದು, ಅಷ್ಟರಲ್ಲಿ ಹೊರಗೆ ಚೀಲ ಹಿಡಿದು ನಿಂತ ಚಿಕ್ಕಮ್ಮ ತಡೆಯಲಾರದೆ ಹಿಡಿಕೆ ಎಳೆಯುವುದು, “ಎಳೀಬೇಡಿ, ಎಳೀಬೇಡಿ, ಬಿಡಿ ಒಂದ್ನಿಮಿಷ!” ಆ ಕಾಲ ಕಂಡವರಿಗೆ ಈ ಡಬ್ಬಿಯ ಬೆಲೆ ಗೊತ್ತು.

ಕೆಟ್ಟ ಲಾಕ್ ಮೋಟರಿಗೆ ಅದರದೇ ದನಿಗಳಿವೆ. ಬಾಗಿಲಿಗೆ ಕಿವಿಯಿಟ್ಟು ಇನ್ನೊಬ್ಬರಿಂದ ರಿಮೋಟ್ ಒತ್ತಿಸಬೇಕು. ‘ಗುರ್ರ್’ ಅಂದು ನಾಬ್ ಅಲ್ಲಾಡದಿದ್ದರೆ ಮೋಟರಿಗೆ ಜೀವ ಇದೆ, ಹಲ್ಲುಗಾಲಿ ಸವೆದಿದೆ, ಇಲ್ಲವೇ ಕಡ್ಡಿ ಕಳಚಿಕೊಂಡಿದೆ. ನಾಬ್ ಅರ್ಧಕ್ಕೆ ಬಂದು ಸುಸ್ತಾದರೆ ಮೋಟರಿನ ಬ್ರಷ್ ಸವೆದಿರಬಹುದು, ಲಾಕಿನ ಗ್ರೀಸ್ ಒಣಗಿರಲೂಬಹುದು. ಏನೂ ಸದ್ದೇ ಇಲ್ಲದಿದ್ದರೆ ಆಗ ಪತ್ತೇದಾರಿ ಶುರು: ಸತ್ತದ್ದು ಮೋಟರೋ ತಂತಿಯೋ?

ತಂತಿಯ ಮೇಲೆ ಅನುಮಾನ ಪಡಲು ಕಾರಣವಿದೆ. ಬಾಗಿಲಿಗೂ ಕಾರಿನ ಮೈಗೂ ನಡುವೆ ಆನೆಸೊಂಡಿಲಿನಂಥ ರಬ್ಬರ್ ಕೊಳವೆ ಇರುತ್ತದಲ್ಲ, ತಂತಿಗಳೆಲ್ಲ ಅದರೊಳಗಿಂದ ಹಾಯುತ್ತವೆ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಹಾಕಿದಾಗ ಅಲ್ಲೇ ಮಡಿಚಿ ಮಡಿಚಿ, ಮೇಲಿನ ಪ್ಲಾಸ್ಟಿಕ್ ನೆಟ್ಟಗಿದ್ದರೂ ಒಳಗಿನ ತಾಮ್ರ ತುಂಡಾಗುತ್ತದೆ. ಬಾಗಿಲನ್ನು ಅರ್ಧ, ಮುಕ್ಕಾಲು, ಪೂರ್ತಿ ತೆರೆದು ರಿಮೋಟ್ ಒತ್ತಿ ನೋಡಿ. ಯಾವುದೋ ಒಂದು ಕೋನದಲ್ಲಿ ಮಾತ್ರ ಲಾಕ್ ಕೆಲಸ ಮಾಡಿದರೆ ಕಳ್ಳ ಆ ಕೊಳವೆಯಲ್ಲೇ ಇದ್ದಾನೆ. ಹೊಸ ಮೋಟರಿಗೆ ದುಡ್ಡು ಸುರಿಯಬೇಡಿ. ನಮ್ಮ ಬಾಗಿಲು ಎಲ್ಲ ಕೋನದಲ್ಲೂ ಮೌನಿ. ಬಿಚ್ಚದೆ ವಿಧಿಯಿರಲಿಲ್ಲ.

ಮೊದಲು ಗ್ಲಾಸ್ ಪೂರ್ತಿ ಏರಿಸಿಕೊಂಡೆ. ಹಿಂದಿನ ಬಾಗಿಲಾದ್ದರಿಂದ ಗ್ಲಾಸ್ ತಿರುಗಿಸುವ ಕೈಹಿಡಿ ಇತ್ತು. ಅದನ್ನು ಹಿಡಿದಿಡುವುದು ಕುದುರೆಲಾಳದ ಆಕಾರದ ಒಂದು ತಂತಿ ಕ್ಲಿಪ್ಪು, ಹೊರಗೆ ಕಾಣುವುದಿಲ್ಲ. ಹಳೇ ಪಂಚೆಯ ಅಂಚು ಹರಿದು, ಕೈಹಿಡಿಯ ಹಿಂದೆ ತೂರಿಸಿ, ಬೂಟು ಒರೆಸುವಂತೆ ಎಡಕ್ಕೂ ಬಲಕ್ಕೂ ಎಳೆದರೆ ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿಕೊಂಡು ‘ಚಿಟ್’ ಅಂತ ಹಾರುತ್ತದೆ. ಇನ್ನೊಂದು ಕೈಯನ್ನು ಬೊಗಸೆ ಮಾಡಿ ಹಿಡಿದಿರಬೇಕು. ಇಲ್ಲವಾದರೆ ಮಿಕ್ಕ ಭಾನುವಾರ ಕ್ಲಿಪ್ ಹುಡುಕುವುದಕ್ಕೇ ಮೀಸಲು. ಆಮೇಲೆ ಹಿಡಿಕೆಯ ಒಂದೆರಡು ಸ್ಕ್ರೂ ಬಿಚ್ಚಿ, ಡೋರ್ ಪ್ಯಾಡನ್ನು ಕೆಳ ಅಂಚಿನಿಂದ ಒಂದೊಂದೇ ಕ್ಲಿಪ್ ಬಿಡಿಸುತ್ತಾ ಎಬ್ಬಿಸಿದೆ.

ಪ್ಯಾಡ್ ಕೈಗೆ ಬಂದಾಗ ನಾನು ಹುಡುಕದಿದ್ದ ಇನ್ನೊಂದು ಸತ್ಯ ಸಿಕ್ಕಿತು.

ಎರಡು ಮಳೆಗಾಲದಿಂದ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒದ್ದೆ ಗೋಣಿಚೀಲದ ವಾಸನೆ. “ರೀ, ಇದೇನ್ರೀ ವಾಸನೆ” ಅಂತ ಹೆಂಡತಿ ಎರಡು ಸಲ ಮಲ್ಲಿಗೆ ಪರಿಮಳದ ಬಾಟಲಿ ತಂದು ಕನ್ನಡಿಗೆ ನೇತು ಹಾಕಿದ್ದಳು. ಆಗ ಗೋಣಿಯ ಜೊತೆ ಮಲ್ಲಿಗೆಯೂ ಸೇರಿ ಮದುವೆ ಛತ್ರದ ಉಗ್ರಾಣದಂತಾಗಿತ್ತು. ಈಗ ನೋಡಿದರೆ, ಪ್ಯಾಡಿನ ಹಿಂದೆ ಬಾಗಿಲಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹಿಂದೆ ಯಾರೋ ಗ್ಲಾಸ್ ಮಷೀನ್ ರಿಪೇರಿ ಮಾಡುವಾಗ ಬ್ಲೇಡಿನಲ್ಲಿ ಸೀಳಿ, ಖಾಕಿ ಬಣ್ಣದ ಪ್ಯಾಕಿಂಗ್ ಟೇಪ್ ಹಚ್ಚಿ ಕೈ ತೊಳೆದುಕೊಂಡಿದ್ದಾರೆ. ಟೇಪು ನೀರು ಕುಡಿದು ಹಪ್ಪಳದ ಹಾಗೆ ಸುರುಳಿಯಾಗಿದೆ.

ಕಾರಿನ ಬಾಗಿಲೊಳಗೆ ನೀರು ಹೋಗುವುದು ಸಹಜ. ಗ್ಲಾಸಿನ ಮೇಲೆ ಬಿದ್ದ ಮಳೆ ಬೀಡಿಂಗ್ ಸಂದಿಯಲ್ಲಿ ಒಳಗಿಳಿದು ಬಾಗಿಲ ತಳದ ತೂತುಗಳಿಂದ ಹೊರಗೆ ಹೋಗುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಆ ನೀರು ಕಾರಿನೊಳಗೆ ಬಾರದಂತೆ ಕಾಯುವುದು ಈ ಬಡಪಾಯಿ ಹಾಳೆ. ಅದು ಸೀಳಿದರೆ ನೀರು ಪ್ಯಾಡಿನ ಹಿಂದಿನಿಂದ ಜಿನುಗಿ ಕಾರ್ಪೆಟ್ ಸೇರುತ್ತದೆ. ತಳದ ತೂತುಗಳಿಗೂ ಕೆಮ್ಮಣ್ಣು ಮೆತ್ತಿತ್ತು. ಊದುಬತ್ತಿ ಕಡ್ಡಿಯಲ್ಲಿ ಚುಚ್ಚಿದೆ; ಬಣ್ಣಗೆಟ್ಟ ನೀರು ಅರ್ಧ ಲೋಟದಷ್ಟು ಇಳಿಯಿತು.

ಇನ್ನು ಮೋಟರು. ಅದರ ಕಪ್ಲರ್ ಬಿಚ್ಚಿ, ಎರಡು ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಮಗಳಿಗೆ ರಿಮೋಟ್ ಕೊಟ್ಟೆ. ಲಾಕಿಗೆ ಕರೆಂಟು ಬರುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. “ಒತ್ತಲಾ ಅಪ್ಪ?” ದೀಪ ಪಕ್ ಅಂದು ಆರಿತು. ತಂತಿ ನಿರಪರಾಧಿ, ಸತ್ತದ್ದು ಮೋಟರೇ.

ಮರುದಿನ ಜೆ.ಸಿ. ರಸ್ತೆ. ಅಲ್ಲಿಯ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಮೊದಲ ಪ್ರಶ್ನೆ: “ಎರಡು ವೈರಾ, ಐದು ವೈರಾ?” ಐದು ತಂತಿಯದು ಡ್ರೈವರ್ ಬಾಗಿಲಿಗೆ, ಅದರಲ್ಲಿ ಮೋಟರಿನ ಜೊತೆ ಸ್ವಿಚ್ಚೂ ಇದ್ದು, ಮಿಕ್ಕ ಬಾಗಿಲುಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ಅಪ್ಪಣೆ ಪಾಲಿಸುವ ಬಾಗಿಲಿಗೆ ಎರಡು ತಂತಿ ಸಾಕು. 300 ರೂಪಾಯಿಯೊಳಗೆ ಕೆಲಸ ಮುಗಿಯಿತು.

ಜೋಡಿಸಲು ಹತ್ತು ನಿಮಿಷ: ಎರಡು ಸ್ಕ್ರೂ, ಒಂದು ರಾಡು. ರಾಡನ್ನು ಬಿಗಿಯುವ ಮುಂಚೆ ನಾಬ್ ಪೂರ್ತಿ ಕೆಳಗೂ ಪೂರ್ತಿ ಮೇಲಕ್ಕೂ ಹೋಗುತ್ತದೆಯೇ ಎಂದು ಕೈಯಲ್ಲೇ ನೋಡಬೇಕು. ನಾನು ಅದನ್ನು ನೋಡಿದೆ, ತಂತಿಯ ಬಣ್ಣ ನೋಡಲಿಲ್ಲ. ರಿಮೋಟ್ ಒತ್ತಿದರೆ ಮೂರು ಬಾಗಿಲು ಮುಚ್ಚಿಕೊಂಡವು, ಇದೊಂದು ತೆರೆದುಕೊಂಡಿತು. ಮಗಳು ಬಿದ್ದು ಬಿದ್ದು ನಕ್ಕಳು. ತಂತಿ ಅದಲುಬದಲು ಮಾಡಿದೆ, ಸರಿಹೋಯಿತು.

ಆಮೇಲೆ ಎರಡು ಗಂಟೆ ಹಿಡಿದದ್ದು ಹಾಳೆ. ಹಳೆಯದನ್ನು ನೆಲಕ್ಕೆ ಹಾಸಿ, ಅದರ ಅಳತೆಗೆ ದಪ್ಪ ಪಾಲಿಥೀನನ್ನು ದರ್ಜಿಯ ಹಾಗೆ ಕತ್ತರಿಸಿದೆ. ಬಾಗಿಲ ಅಂಚನ್ನು ಒರೆಸಿ ಒಣಗಿಸಿ, ಸುತ್ತಲೂ ಕಪ್ಪು ಬ್ಯುಟೈಲ್ ಅಂಟು ಎಳೆದು, ಹೆಬ್ಬೆಟ್ಟಿನಿಂದ ಚಕ್ಕುಲಿ ಹಿಟ್ಟಿನಂತೆ ಒತ್ತುತ್ತಾ ಬಂದೆ. ಹಾಳೆಯ ಕೆಳ ಅಂಚು ಬಾಗಿಲ ಒಳಕ್ಕೆ ಮಡಿಚಿಕೊಂಡಿರಬೇಕು, ನೀರು ಮರಳಿ ಒಳಗೇ ಜಾರುವ ಹಾಗೆ. ಪ್ಯಾಡ್ ಹಾಕುವ ಮುಂಚೆ ಗ್ಲಾಸಿನ ಮೇಲೆ ಎರಡು ಚೊಂಬು ನೀರು ಸುರಿದೆ. ತಳದ ತೂತಿನಿಂದ ಸರಾಗ ಹೊರಗೆ ಬಂತು, ಹಾಳೆಯ ಈಚೆಗೆ ಒಂದು ಹನಿಯೂ ಇಲ್ಲ.

ಹೊಸ ಕಾರುಗಳಲ್ಲಿ ಈ ಮೋಟರು ಲಾಕಿನೊಳಗೇ ಸೇರಿಕೊಂಡಿರುತ್ತದೆ, ಕೆಲವು ಬಾಗಿಲುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಇರುತ್ತದೆ. ಅಂಥದ್ದನ್ನು ತಿಳಿದವರಿಗೇ ಬಿಡುವುದು ವಾಸಿ. ಯಾರೇ ಬಿಚ್ಚಲಿ, ಪ್ಯಾಡ್ ಮುಚ್ಚುವ ಮುಂಚೆ ಒಮ್ಮೆ ಬಗ್ಗಿ ಆ ಹಾಳೆಯನ್ನು ನೋಡಿ. ಲಾಕ್ ಸರಿಯಾಗಿದೆಯೇ ಅಂತ ಎಲ್ಲರೂ ಒತ್ತಿ ನೋಡುತ್ತಾರೆ. ರಿಪೇರಿಯವರ ಮನಸ್ಸು ಗೊತ್ತಾಗುವುದು ಮಾತ್ರ ಮುಂದಿನ ಮಳೆಗೆ.

ಮಳೆ ಆ ಗುರುವಾರವೇ ಬಂತು, ರಾತ್ರಿಯಿಡೀ. ಬೆಳಿಗ್ಗೆ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು, ಒಂದು ಕ್ಷಣ ಮೂಗರಳಿಸಿ, ಏನೂ ಹೇಳಲಿಲ್ಲ. ಸ್ವಲ್ಪ ದೂರ ಹೋದಮೇಲೆ ಮುಂದಕ್ಕೆ ಬಗ್ಗಿ ಕನ್ನಡಿಯಲ್ಲಿ ನೇತಾಡುತ್ತಿದ್ದ ಮಲ್ಲಿಗೆ ಬಾಟಲಿಯನ್ನು ಬಿಚ್ಚಿ ಪರ್ಸಿನೊಳಗೆ ಹಾಕಿಕೊಂಡಳು.