ಬದನವಾಳಿನ ಮಗ್ಗದ ಮನೆ

ನಂಜನಗೂಡು ತಾಲ್ಲೂಕಿನ ಬದನವಾಳಿಗೆ ಹೋದವರು ಖಾದಿ ಕೇಂದ್ರದ ಹಳೆಯ ಹೆಂಚಿನ ಕಟ್ಟಡಗಳನ್ನು ನೋಡದೆ ಬರಬಾರದು. 1920ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ರಾಟೆಯಿಂದ ಇಲ್ಲಿ ಉದ್ಯಮವೊಂದು ಹುಟ್ಟಿತು. 1927ರಲ್ಲಿ ಗಾಂಧೀಜಿಯೇ ಬಂದು ನೋಡಿದರು. ನೂಲು, ನೇಯ್ಗೆಯ ಜೊತೆಗೆ ಕೈಕಾಗದವೂ ಇಲ್ಲಿ ತಯಾರಾಯಿತು.

ಕೈಮಗ್ಗದ ಮುಂದೆ ಒಂದು ಗಳಿಗೆ ನಿಲ್ಲಿ. ಕಾಲು ತುಳಿದಂತೆ ಹಾಸಿನ ಎಳೆಗಳು ಬಾಯ್ತೆರೆಯುತ್ತವೆ. ನಡುವೆ ಲಾಳಿ ಹೊಕ್ಕಿನ ನೂಲೆಳೆದು ಓಡುತ್ತದೆ. ಹಣಿಗೆ ಅದನ್ನು ಬಡಿದು ಕೂಡಿಸುತ್ತದೆ. ಈ ಸದ್ದಿನಿಂದಲೇ ಎಷ್ಟೋ ಮನೆಗಳ ಒಲೆ ಉರಿದಿದೆ.

2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಇದೇ ಅಂಗಳವನ್ನು. ಅದು ಸರಿಯಾದ ಆಯ್ಕೆ. ದುಡಿಮೆಯ ಘನತೆಯನ್ನು ಈ ಗೋಡೆಗಳಷ್ಟು ಚೆನ್ನಾಗಿ ಬೇರಾವುದೂ ಹೇಳಲಾರದು. ಇವು ಉಳಿಯಬೇಕೆಂದರೆ ನಾವು ಖಾದಿ ಕೊಳ್ಳಬೇಕು, ಉಡಬೇಕು.