‘ಸಿಂಫೊನಿಯೆಟ್ಟ’ ಶಬ್ದದ ಅರ್ಥವಿಚಾರ

ಪಾಶ್ಚಾತ್ಯ ವಾದ್ಯಮೇಳದ ಕೃತಿಗಳಲ್ಲಿ ‘ಸಿಂಫೊನಿಯೆಟ್ಟ’ ಎಂಬ ಹೆಸರುಳ್ಳವು ಹಲವುಂಟು. ‘ಎಟ್ಟ’ ಎಂಬುದು ಇಟಾಲಿಯನ್ ಭಾಷೆಯ ಅಲ್ಪಾರ್ಥಕ ಪ್ರತ್ಯಯವಾದುದರಿಂದ ಈ ಶಬ್ದಕ್ಕೆ ‘ಕಿರಿಯ ಸಿಂಫನಿ’ ಎಂದು ಅರ್ಥ ಹೇಳುವುದು ರೂಢಿ. ವ್ಯುತ್ಪತ್ತಿಗೆ ಈ ಅರ್ಥವು ಸಲ್ಲುತ್ತದೆ; ಪ್ರಯೋಗಕ್ಕೂ ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಕೆಲವೆಡೆ ಸಲ್ಲುತ್ತದೆ. ಯೋವಾಖಿಂ ರಾಫನು 1873ರಲ್ಲಿಯೂ ಬೆಂಜಮಿನ್ ಬ್ರಿಟನ್ನನು 1932ರಲ್ಲಿಯೂ ರಚಿಸಿದ ಸಿಂಫೊನಿಯೆಟ್ಟಗಳು ತಲಾ ಹತ್ತು ವಾದ್ಯಗಳಿಗಾಗಿ ಮಾತ್ರವೇ ಬರೆದವು. ಆದರೆ ಮಾಕ್ಸ್ ರೇಗರನದು (1905), ಕೋರ್ನ್‌ಗೋಲ್ಡನದು (1913) ಇವೆರಡೂ ಮುಕ್ಕಾಲು ಗಂಟೆಯ ಆಸುಪಾಸಿನವು. ಹೈಡನನ ಪೂರ್ಣ ಸಿಂಫನಿಗಳಾದರೋ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಯಾನಾಚೆಕನ ಸಿಂಫೊನಿಯೆಟ್ಟಕ್ಕೆ (1926) 12 ತುತ್ತೂರಿಗಳೂ ಸೇರಿ 25 ಹಿತ್ತಾಳೆಯ ಊದುವಾದ್ಯಗಳು ಬೇಕು. ಪ್ರೊಕೋಫಿಯೆವನ ‘ಕ್ಲಾಸಿಕಲ್ ಸಿಂಫನಿ’ಯು (1917) ಆತನದೇ ಸಿಂಫೊನಿಯೆಟ್ಟಕ್ಕಿಂತ ಚಿಕ್ಕದು! ಆದಕಾರಣ ಕಾಲಪ್ರಮಾಣವಾಗಲಿ ವಾದ್ಯಸಂಖ್ಯೆಯಾಗಲಿ ಇದರ ಲಕ್ಷಣವಾಗಲಾರದು.

ಹಾಗಾದರೆ ಅಲ್ಪತ್ವವು ಯಾವುದರಲ್ಲಿ? ಪಾಣಿನಿಯು ‘ಕ’ ಪ್ರತ್ಯಯಕ್ಕೆ ಅಲ್ಪಾರ್ಥವನ್ನು ಮಾತ್ರವಲ್ಲದೆ ಅನುಕಂಪಾರ್ಥವನ್ನೂ ಹೇಳಿರುವನು. ಅಂದರೆ ಇಂತಹ ಪ್ರತ್ಯಯವು ವಸ್ತುವಿನ ಅಳತೆಯನ್ನಲ್ಲದೆ ಹೇಳುವವನ ಭಾವವನ್ನೂ ಸೂಚಿಸಬಲ್ಲುದು. ನಮ್ಮ ‘ನಾಟಿಕೆ’ಯನ್ನೇ ನೋಡಬಹುದು. ‘ರತ್ನಾವಳಿ’ಯು ನಾಟಿಕೆಯೆನಿಸಿರುವುದು ನಾಲ್ಕೇ ಅಂಕಗಳಿಂದಲ್ಲ, ಕಲ್ಪಿತವಾದ ಕಥೆ, ಶೃಂಗಾರದ ಪ್ರಾಧಾನ್ಯ, ಕೈಶಿಕೀ ವೃತ್ತಿ ಇವುಗಳಿಂದಲೂ ಅದು ನಾಟಕದಿಂದ ಬೇರೆಯಾಗುತ್ತದೆ.

ಸಿಂಫೊನಿಯೆಟ್ಟದ ವಿಷಯವೂ ಹೀಗೆಯೇ ಎಂದು ನಮ್ಮ ಅಭಿಪ್ರಾಯ. ಬೇಟ್‌ಹೋವನನ ತರುವಾಯ ‘ಸಿಂಫನಿ’ ಎಂಬ ಹೆಸರಿಗೆ ಮಹಾಕಾವ್ಯದ ಭಾರವು ಬಂದಿತು. ಆ ಭಾರವನ್ನು ಹೊರಲೊಲ್ಲದ ವಾಗ್ಗೇಯಕಾರನು ಈ ಹೆಸರಿನಿಂದ ಸ್ವಾತಂತ್ರ್ಯವನ್ನು ಪಡೆದನು. ಯಾನಾಚೆಕನ ಕೃತಿಯು ತುತ್ತೂರಿಗಳ ಘೋಷದಿಂದ ತೊಡಗಿ ಬರ್ನೋ ಪಟ್ಟಣದ ಕೋಟೆ, ಮಠ, ಬೀದಿ, ಪುರಭವನಗಳನ್ನು ನೆನೆಯುತ್ತ ಸಾಗುತ್ತದೆ. ಧ್ವನಿಯಲ್ಲಿ ಅದು ಅಲ್ಪವಲ್ಲ, ಸಿಂಫನಿಯ ಕಟ್ಟುಪಾಡು ಮಾತ್ರ ಅದಕ್ಕಿಲ್ಲ.

ಇದನ್ನು ಕನ್ನಡದಲ್ಲಿ ‘ಕಿರುಸಿಂಫನಿ’ ಎಂದರೆ ವಿದ್ಯಾರ್ಥಿಯು ಗಡಿಯಾರವನ್ನು ನೋಡಿ ಮೋಸಹೋದಾನು. ‘ಲಘುಸಿಂಫನಿ’ ಎಂದರೆ ಲಘುಸಂಗೀತವೆಂದು ಭ್ರಮಿಸಿಯಾನು. ಮೂಲಶಬ್ದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡು, ಪಾಠ ಹೇಳುವಾಗ ನಾಟಿಕೆಯ ದೃಷ್ಟಾಂತವನ್ನು ಕೊಡುವುದು ಲೇಸು. ಪರಿಭಾಷೆಯನ್ನು ಕಲ್ಪಿಸುವವರು ಪ್ರತ್ಯಯವನ್ನಲ್ಲ, ಪ್ರಯೋಗವನ್ನು ಅನುಸರಿಸತಕ್ಕದ್ದು.