ರಾಯಪುರದ ಹಳೆಯ ನಿಲ್ದಾಣ

ರೈಲು ನಿಲ್ದಾಣಗಳನ್ನು ನೋಡುವುದೇ ವ್ಯಸನವಾಗಿ ಪರಿಣಮಿಸಿರುವ ನನ್ನಂಥವರಿಗೆ, ಮದರಾಸಿನ ಸೆಂಟ್ರಲ್ ನಿಲ್ದಾಣದ ಗೋಪುರ, ಗಡಿಯಾರಗಳ ವೈಭವಕ್ಕಿಂತ, ಅಲ್ಲಿಂದ ಉತ್ತರಕ್ಕೆ ಕಡಲ ಸಮೀಪದಲ್ಲಿ ಲೋಕಲ್ ಬಂಡಿಗಳು ಅರೆಗಳಿಗೆ ನಿಂತು ಹೊರಟುಬಿಡುವ ರಾಯಪುರವೇ ಹೆಚ್ಚು ಪ್ರಿಯವಾಗುವುದುಂಟು. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಬಂಡಿ ಹೊರಟದ್ದು ಇಲ್ಲಿಂದ. 1856ರ ಜೂನ್ 28ರಂದು ಗವರ್ನರ್ ಲಾರ್ಡ್ ಹ್ಯಾರಿಸ್ ಇದನ್ನು ಉದ್ಘಾಟಿಸಿದರು. ಜುಲೈ 1ರಿಂದ ಆರ್ಕಾಟಿನ ಬಳಿಯ ವಾಲಾಜಾ ರಸ್ತೆಯವರೆಗೆ ಸಂಚಾರ ಮೊದಲಾಯಿತು.

ಕಟ್ಟಡವನ್ನು ದೂರದಿಂದ ಕಂಡು ಹಿಂದಿರುಗುವವರು ಅರ್ಧವನ್ನೂ ಕಂಡಂತಲ್ಲ. ಕೆಂಪು ಗೋಡೆಯ ಮುಂದೆ ಸಾಲಾಗಿ ನಿಂತ ಬಿಳಿಯ ಕಂಬಗಳ ಬುಡಕ್ಕೆ ಹೋಗಿ ಕತ್ತೆತ್ತಿದರೆ, ಯವನಶೈಲಿಯ ಆ ಶಿರೋಭಾಗವು ದೇವಾಲಯಕ್ಕೋ ನ್ಯಾಯಸ್ಥಾನಕ್ಕೋ ಸಲ್ಲತಕ್ಕುದೇ ಹೊರತು ಹೊಗೆಬಂಡಿಯ ತಂಗುದಾಣಕ್ಕಲ್ಲವೆಂದು ತೋರದೆ ಇರದು. ರೈಲು ನಿಲ್ದಾಣವೆಂಬುದು ಹೇಗಿರಬೇಕೆಂಬ ರೂಢಿಯೇ ಈ ನಾಡಿನಲ್ಲಿ ಇನ್ನೂ ಹುಟ್ಟದಿದ್ದ ಕಾಲ ಅದು. ಕಟ್ಟಿದವರು ತಮಗೆ ತಿಳಿದಿದ್ದ ಗಾಂಭೀರ್ಯವನ್ನೇ ಅದಕ್ಕೂ ತೊಡಿಸಿದರೆಂದು ನನ್ನ ಊಹೆ. 2005ರ ಜೀರ್ಣೋದ್ಧಾರದಲ್ಲಿ ಬಳಿದ ಬಣ್ಣ ನನ್ನ ಕಣ್ಣಿಗೆ ತುಸು ಹೆಚ್ಚೇ ಢಾಳಾಗಿದೆ.

ಇದು ಉಳಿದುಬಂದದ್ದಕ್ಕೆ ಪದಚ್ಯುತಿಯೇ ಕಾರಣವೆನ್ನಬೇಕು. ಮುಂಬಯಿಯ ಬೋರಿಬಂದರಿನಲ್ಲಿ 1853ರ ಮೊದಲ ನಿಲ್ದಾಣವು, 1888ರಲ್ಲಿ ಮುಗಿದ ಅರಮನೆಯಂಥ ವಿಕ್ಟೋರಿಯಾ ಟರ್ಮಿನಸ್ಸಿಗೆ ಎಡೆಮಾಡಿಕೊಟ್ಟು ಅಳಿದುಹೋಯಿತು. ಮದರಾಸಿನಲ್ಲಾದರೋ 1873ರಲ್ಲಿ ಸೆಂಟ್ರಲ್ ಬೇರೆಡೆ ತಲೆಯೆತ್ತಿ, ದೂರದ ಬಂಡಿಗಳೂ ಅವುಗಳೊಡನೆ ಪ್ರತಿಷ್ಠೆಯೂ ಕ್ರಮೇಣ ಅತ್ತ ಸರಿದುವು; ಕೆಡವಿ ಕಟ್ಟುವಷ್ಟು ಮಹತ್ವ ರಾಯಪುರಕ್ಕೆ ಉಳಿಯಲಿಲ್ಲ. ಹೀಗಾಗಿ ಉಪಖಂಡದಲ್ಲಿ ಇಂದಿಗೂ ನಿಂತಿರುವ ರೈಲು ನಿಲ್ದಾಣಗಳಲ್ಲೆಲ್ಲ ಅತಿ ಪ್ರಾಚೀನವೆಂಬ ಕೀರ್ತಿ ಅದರ ಪಾಲಿಗೆ ಬಂದಿತು.

ಕನ್ನಡಿಗರಿಗಂತೂ ಇದು ಪರಸ್ಥಳವಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಹಳಿ ಬಂದಾಗ ಸೆಂಟ್ರಲ್ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ, ಮದರಾಸಿಗೆ ಹೊರಟ ನಮ್ಮವರ ಪಯಣ ಈ ಕಂಬಗಳ ಕಡೆಗೇ ಆಗಿದ್ದಿತು. ಧಾರವಾಡ, ಹುಬ್ಬಳ್ಳಿಗಳ ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಮದರಾಸ್ ರೈಲ್ವೆಯೊಡನೆ ಕೂಡಿಕೊಂಡ ಮೇಲೆ, 1922ರಲ್ಲಿ ಹೊಸ ಕಚೇರಿ ಏಳುವತನಕ, ಆ ಸಂಯುಕ್ತ ಸಂಸ್ಥೆಯ ಆಡಳಿತವೂ ರಾಯಪುರದಿಂದಲೇ ನಡೆಯುತ್ತಿದ್ದಿತು.

ಬೆಂಗಳೂರಿನಿಂದ ರಾತ್ರಿಯ ಬಂಡಿಯಲ್ಲಿ ಹೋಗಿ ನಸುಕಿನಲ್ಲೇ ಇಳಿಯುವವರು, ಕಚೇರಿಗಳು ಬಾಗಿಲು ತೆರೆಯುವವರೆಗೆ ಸೆಂಟ್ರಲ್ಲಿನ ಬೆಂಚಿನ ಮೇಲೆ ತೂಕಡಿಸುವ ಬದಲು, ಎದುರಿನ ಪಾರ್ಕ್ ನಿಲ್ದಾಣದಿಂದ ಬೀಚ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಅರಕ್ಕೋಣಂ ಕಡೆಯ ಲೋಕಲ್ ಹಿಡಿದರೆ ಮುಂದಿನ ನಿಲುಗಡೆಯೇ ರಾಯಪುರ. ಆಟೋದವರು ಕರೆದಾರು, ಒಪ್ಪಬೇಡಿ. ನಿಲ್ದಾಣವನ್ನು ರಸ್ತೆಯಿಂದ ಹೋಗಿ ನೋಡುವುದು ರಸಿಕರಿಗೆ ತಕ್ಕುದಲ್ಲ. ಆದರೆ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಂಡು ಹೊರಡುವುದು ಲೇಸು.